ರಕ್ತದೊತ್ತಡಕ್ಕೆ ಪ್ರೋಟೀನ್ ಪುಡಿ ಮದ್ದಾಗುತ್ತದೆಯೇ?

ಇತ್ತೀಚೆಗೆ ಒಬ್ಬ ತಾಯಿಯನ್ನು ಮಗ ನನ್ನ ದವಾಖಾನೆಗೆ ಕರೆತಂದಿದ್ದ. ತಲೆ ಭಾರ, ಕಣ್ಣು ಮಂಜು. ಒತ್ತಡ ನೋಡಿದರೆ 176/104. ಎರಡು ತಿಂಗಳ ಹಿಂದೆ 134/84 ಇತ್ತು. ವಿಚಾರಿಸಿದಾಗ ಮಗ ಚೀಲದಿಂದ ಒಂದು ಡಬ್ಬಿ ತೆಗೆದ. ‘ಡಾಕ್ಟ್ರೇ, ಇದು ಹಾಲಿನ ಪ್ರೋಟೀನ್. ಬಿಪಿ ಇಳಿಸುತ್ತದಂತೆ. ಅದಕ್ಕೇ ಮಾತ್ರೆ ನಿಲ್ಲಿಸಿದೆವು’ ಎಂದ.

ಡಬ್ಬಿಯ ಮಾತು ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ.

ನಮ್ಮ ದೇಹದಲ್ಲಿ ಎಸಿಇ ಎಂಬ ಕಿಣ್ವವಿದೆ. ಅದು ತಯಾರಿಸುವ ಆಂಜಿಯೊಟೆನ್ಸಿನ್-2 ರಕ್ತನಾಳಗಳನ್ನು ಬಿಗಿಗೊಳಿಸಿ ಒತ್ತಡ ಏರಿಸುತ್ತದೆ. ಎನಲಾಪ್ರಿಲ್, ರಾಮಿಪ್ರಿಲ್ ಮಾತ್ರೆಗಳು ಈ ಕಿಣ್ವವನ್ನು ತಡೆಯುತ್ತವೆ. ಈ ಬಗೆಯ ಮೊದಲ ಮಾತ್ರೆ ಕ್ಯಾಪ್ಟೊಪ್ರಿಲ್. ಅದಕ್ಕೆ ಸುಳಿವು ಸಿಕ್ಕಿದ್ದು ಬ್ರೆಜಿಲಿನ ಒಂದು ವಿಷಸರ್ಪದ ವಿಷದಲ್ಲಿದ್ದ ಪೆಪ್ಟೈಡ್‌ಗಳಿಂದ. ಪೆಪ್ಟೈಡ್ ಎಂದರೆ ಪ್ರೋಟೀನಿನ ಸಣ್ಣ ತುಂಡು. ಅಂಥ ತುಂಡುಗಳು ಆಹಾರದಲ್ಲೂ ಸಿಗುತ್ತವೆ. ಕೆಲವು ಜಾತಿಯ ಬ್ಯಾಕ್ಟೀರಿಯಾ ಹಾಲನ್ನು ಹುಳಿಯಾಗಿಸುವಾಗ ಅದರ ಕೇಸೀನ್ ಒಡೆದು, ಎಸಿಇಯನ್ನು ಅಲ್ಪಸ್ವಲ್ಪ ತಡೆಯಬಲ್ಲ ತುಂಡುಗಳು ಹುಟ್ಟುತ್ತವೆ. ಜಪಾನಿನಲ್ಲಿ ಇಂಥ ಹುಳಿಹಾಲಿನ ಪಾನೀಯವನ್ನು ರಕ್ತದೊತ್ತಡ ತುಸು ಹೆಚ್ಚಿರುವವರಿಗಾಗಿಯೇ ಮಾರುತ್ತಾರೆ. ಸೋಯಾ ಮತ್ತು ಮೀನಿನಿಂದಲೂ ಇವನ್ನು ತೆಗೆದಿದ್ದಾರೆ.

ಹಾಗಾದರೆ ಎಷ್ಟು ಇಳಿಯುತ್ತದೆ? ಜಪಾನಿನ ಪ್ರಯೋಗಗಳಲ್ಲಿ ಕೆಲವೇ ಪಾಯಿಂಟ್. ಯುರೋಪಿನಲ್ಲಿ ಅದಕ್ಕಿಂತ ಕಡಿಮೆ, ಕೆಲವೆಡೆ ಏನೂ ಇಲ್ಲ. ತಿಂದದ್ದರಲ್ಲಿ ಬಹುಪಾಲು ಕರುಳಿನಲ್ಲೇ ಇನ್ನಷ್ಟು ಒಡೆದುಹೋಗಿ, ರಕ್ತಕ್ಕೆ ಸೇರುವುದು ತೀರ ಅಲ್ಪ. ಇನ್ನು ಅಂಗಡಿಯ ಸಾಮಾನ್ಯ ಪ್ರೋಟೀನ್ ಪುಡಿಗೂ ಆ ಪಾನೀಯಕ್ಕೂ ಹೋಲಿಕೆಯೇ ಇಲ್ಲ.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡ್ಯಾಶ್’ ಅಧ್ಯಯನದಲ್ಲಿ ಹಣ್ಣು, ತರಕಾರಿ, ಕೊಬ್ಬು ಕಡಿಮೆಯಿರುವ ಹಾಲು-ಮೊಸರು ಹೆಚ್ಚಿದ್ದ ಊಟದಿಂದಲೇ ರಕ್ತದೊತ್ತಡವಿದ್ದವರ ಮೇಲಿನ ಅಂಕಿ ಸುಮಾರು 11 ಇಳಿದಿತ್ತು. ಡಬ್ಬಿಗೆ ಸುರಿಯುವ ದುಡ್ಡು ತರಕಾರಿ ಬುಟ್ಟಿಗೆ ಹೋಗಲಿ ಎನ್ನುವುದು ನನ್ನ ಅಭಿಪ್ರಾಯ.

ಯುನಾನಿಯಲ್ಲಿ ‘ಇಲಾಜ್ ಬಿಲ್ ಗಿಜಾ’, ಅಂದರೆ ಆಹಾರದಿಂದ ಚಿಕಿತ್ಸೆ, ಮೊದಲ ಮೆಟ್ಟಿಲು. ಆದರೆ ನಡೆಯುತ್ತಿರುವ ಮಾತ್ರೆಯನ್ನು ಕಿತ್ತುಹಾಕಲು ಅದು ಪರವಾನಗಿಯಲ್ಲ. ಉಪ್ಪು ಹಾಕದ ಮಜ್ಜಿಗೆ, ಹೆಸರು, ಮಸೂರ್, ಕಡಲೆ, ತಾಜಾ ಮೀನು ಧಾರಾಳವಾಗಿರಲಿ. ಒಣಮೀನು, ಉಪ್ಪಿನಕಾಯಿ, ಹಪ್ಪಳ ದೂರವಿರಲಿ. ಇಫ್ತಾರ್‌ನ ಸಮೋಸದ ಉಪ್ಪೂ ಸೇರಿ ದಿನಕ್ಕೆ 5 ಗ್ರಾಮಿಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆಯಿರಬೇಕು. ಮೂತ್ರಪಿಂಡದ ಕಾಯಿಲೆಯಿದ್ದವರು ವೈದ್ಯರನ್ನು ಕೇಳದೆ ಪ್ರೋಟೀನ್ ಪುಡಿ ಮುಟ್ಟಬಾರದು. ಕೊಲಾಜೆನ್ ಪೆಪ್ಟೈಡನ್ನು ದನ, ಹಂದಿ, ಮೀನು ಯಾವುದರ ಚರ್ಮದಿಂದಲೂ ತಯಾರಿಸುತ್ತಾರೆ. ಹಲಾಲ್ ಹೌದೋ ಅಲ್ಲವೋ ಲೇಬಲ್ ನೋಡಿ.

ಆ ತಾಯಿಗೆ ಹಳೆಯ ಮಾತ್ರೆಯನ್ನೇ ಮತ್ತೆ ಶುರುಮಾಡಲು ಅವರ ಹೃದ್ರೋಗ ವೈದ್ಯರ ಬಳಿಗೆ ಅಂದೇ ಕಳುಹಿಸಿದೆ. ಮೂರು ವಾರದ ಮೇಲೆ ಬಂದಾಗ 140/88 ಇತ್ತು. ಡಬ್ಬಿ ಅರ್ಧ ಉಳಿದಿದೆಯಂತೆ, ಏನು ಮಾಡಲಿ ಎಂದು ಕೇಳಿದರು.