ಬಿಲ್ಲು ಕಟ್ಟುವ ಮುನ್ನ ಒಮ್ಮೆ ಓದು

ನೋಡು ಮಗು, ಈಗ ಮನೆಯ ಬಿಲ್ಲುಗಳೆಲ್ಲ ನಿನ್ನ ಹೆಗಲಿಗೆ ಬಂದಿವೆ. ನಿನ್ನ ಮೊಬೈಲು, ಮನೆಯ ಫೈಬರ್ ಇಂಟರ್ನೆಟ್ಟು, ಊರಲ್ಲಿರುವ ಅಪ್ಪ-ಅಮ್ಮನ ಫೋನು, ಎಲ್ಲದಕ್ಕೂ ನೀನೇ ದುಡ್ಡು ಕಟ್ಟುತ್ತೀಯ. ಸಂತೋಷದ ವಿಷಯ. ಆದರೆ ನಿನ್ನ ವಯಸ್ಸಿನ ಬಹಳ ಮಂದಿ ಬಿಲ್ಲಿನ ಕೊನೆಯ ಮೊತ್ತ ಒಂದನ್ನೇ ನೋಡಿ ಕಟ್ಟಿ ಮುಗಿಸುತ್ತಾರೆ. ಹೆಚ್ಚು ಬಂದಿದ್ದರೆ ಒಂದೆರಡು ಮಾತು ಬೈದುಕೊಂಡು ಕಟ್ಟುತ್ತಾರೆ. ಹಾಗೆ ಮಾಡಬೇಡ. ಬಿಲ್ಲು ಎಂಬುದು ಕಂಪನಿ ಬರೆದಿಟ್ಟ ಲೆಕ್ಕ. ನಿನ್ನ ಲೆಕ್ಕ ನಿನ್ನ ಹತ್ತಿರವೂ ಇರಬೇಕು. ಎರಡನ್ನೂ ತಾಳೆ ನೋಡಿದ ಮೇಲೆಯೇ ದುಡ್ಡು ಕೈಬಿಡಬೇಕು.

ನಮ್ಮ ಕಾಲದಲ್ಲಿ ಟೆಲಿಫೋನ್ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತಿತ್ತು. ಮೀಟರಿನ ಮೊದಲ ರೀಡಿಂಗು, ಕೊನೆಯ ರೀಡಿಂಗು, ಅದರಲ್ಲಿ ಉಚಿತ ಕರೆಗಳನ್ನು ಕಳೆದು ಉಳಿದದ್ದಕ್ಕೆ ದರ, ಮೇಲೆ ಬಾಡಿಗೆ. ಒಂದು ಕಳೆಯುವ ಲೆಕ್ಕ ಬಂದರೆ ಸಾಕಿತ್ತು. ಈಗ ಕರೆಗೆ ಲೆಕ್ಕವೇ ಇಲ್ಲದಂಥ ಪ್ಲಾನುಗಳಿವೆ, ಆದರೂ ಬಿಲ್ಲು ಮೂರು ಪುಟ ಬರುತ್ತದೆ. ಹೆದರಬೇಡ. ಆ ಮೂರು ಪುಟದಲ್ಲಿ ನೀನು ನೋಡಬೇಕಾದ ಸಾಲುಗಳು ಐದೇ: ಹಿಂದಿನ ಬಾಕಿ, ಬಂದ ಪಾವತಿ, ಈ ತಿಂಗಳ ಶುಲ್ಕ, ತೆರಿಗೆ, ಒಟ್ಟು ಕಟ್ಟಬೇಕಾದದ್ದು. ಇದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕವಿದ್ದ ಹಾಗೆ. ಹೋದ ತಿಂಗಳು ಎಲ್ಲಿ ನಿಂತಿತ್ತೋ ಈ ತಿಂಗಳು ಅಲ್ಲಿಂದಲೇ ಶುರುವಾಗಬೇಕು. ಹಾಗಾಗಿ ಹೊಸ ಬಿಲ್ಲಿನ 'ಹಿಂದಿನ ಬಾಕಿ'ಯನ್ನು ಹಳೆಯ ಬಿಲ್ಲಿನ ಒಟ್ಟು ಮೊತ್ತದ ಜೊತೆ ಹೋಲಿಸುವುದು ಮೊದಲ ಕೆಲಸ. ಅಲ್ಲಿ ತಾಳೆಯಾಗದಿದ್ದರೆ ಮುಂದಿನ ಯಾವ ಸಾಲೂ ಸರಿ ಹೋಗುವುದಿಲ್ಲ.

ಎಲ್ಲರನ್ನೂ ಗಾಬರಿಗೊಳಿಸುವ ಒಂದು ಬಿಲ್ಲನ್ನು ಉದಾಹರಣೆಗೆ ಬಿಡಿಸಿ ತೋರಿಸುತ್ತೇನೆ. ನಿನ್ನ ಪ್ಲಾನು ತಿಂಗಳಿಗೆ 599 ರೂಪಾಯಿ ಎಂದಿಟ್ಟುಕೋ. ದೂರವಾಣಿ ಸೇವೆಗೆ ಜಿಎಸ್‌ಟಿ ಶೇ 18, ಅಂದರೆ 107 ರೂಪಾಯಿ 82 ಪೈಸೆ. ಬಿಲ್ಲಿನಲ್ಲಿ ಅದು ಕೇಂದ್ರದ್ದು ಶೇ 9, ರಾಜ್ಯದ್ದು ಶೇ 9 ಎಂದು ಎರಡು ಸಾಲಾಗಿ ಕಾಣುತ್ತದೆ. ಒಟ್ಟು 706.82. ಜೂನ್ ಬಿಲ್ಲನ್ನು ನೀನು ಜುಲೈ 6ರಂದು ಕಟ್ಟಿದೆ. ಹೊಸ ಬಿಲ್ಲು ತಯಾರಾದದ್ದು ಜುಲೈ 5ಕ್ಕೆ. ನಿನ್ನ ದುಡ್ಡು ಒಂದು ದಿನ ತಡವಾಗಿ ಹೋದದ್ದರಿಂದ ಆ ಬಿಲ್ಲಿಗೆ ಅದು ಗೊತ್ತೇ ಇಲ್ಲ. ಹಿಂದಿನ ಬಾಕಿ 706.82, ಬಂದ ಪಾವತಿ ಸೊನ್ನೆ, ಈ ತಿಂಗಳದ್ದು 706.82, ಒಟ್ಟು 1,413.64 ಎಂದು ಬರುತ್ತದೆ. 'ಎರಡು ಪಟ್ಟು ಹಾಕಿದ್ದಾರೆ' ಎಂದು ಜನ ಕೂಗಾಡುವುದು ಇಲ್ಲಿಯೇ. ಯಾರೂ ಎರಡು ಪಟ್ಟು ಹಾಕಿಲ್ಲ, ಬಿಲ್ಲೂ ಪಾವತಿಯೂ ದಾರಿಯಲ್ಲಿ ಒಂದನ್ನೊಂದು ದಾಟಿಹೋಗಿವೆ. 6ರಂದು ಕಟ್ಟಿದ ರಸೀದಿ ಕೈಯಲ್ಲಿದ್ದರೆ ನೀನು ಈಗ ಕಟ್ಟಬೇಕಾದದ್ದು 706.82 ಮಾತ್ರ. ಮುಂದಿನ ಬಿಲ್ಲಿನ ಪಾವತಿಯ ಜಾಗದಲ್ಲಿ ಎರಡೂ ಕಂತು ಕಾಣಿಸಿದರೆ ಲೆಕ್ಕ ಸರಿಯಾಯಿತು. ಕಾಣಿಸದಿದ್ದರೆ ಆಗ ಕೇಳು. ಹಿಂದಿನದನ್ನು ಗಡುವು ದಾಟಿ ಕಟ್ಟಿದ್ದರೆ ತಡಪಾವತಿ ಶುಲ್ಕ ಸೇರಿರುತ್ತದೆ, ಅದರ ಮೇಲೂ ತೆರಿಗೆ ಬೀಳುತ್ತದೆ. ಆದ್ದರಿಂದ ಬಿಲ್ಲಿನ ದಿನಾಂಕ, ಬಿಲ್ಲಿನ ಅವಧಿ, ಕಟ್ಟಲು ಕೊನೆಯ ದಿನಾಂಕ, ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸಿಕೊಳ್ಳುವುದನ್ನು ರೂಢಿಸಿಕೋ.

ಎರಡನೆಯ ಗೊಂದಲ ಪ್ಲಾನು ಬದಲಿಸಿದ ತಿಂಗಳಿನದು. 399ರ ಪ್ಲಾನಿನಲ್ಲಿದ್ದವನು ಜೂನ್ 12ರಿಂದ 599ಕ್ಕೆ ಹೋದ ಎಂದುಕೋ. ಹಳೆಯದಕ್ಕೆ 11 ದಿನದ ಪಾಲು 146.30, ಹೊಸದಕ್ಕೆ 19 ದಿನದ ಪಾಲು 379.37. ಎರಡೂ ಸೇರಿ 525.67, ಮೇಲೆ ತೆರಿಗೆ. ಬಾಡಿಗೆಯನ್ನು ಮುಂಗಡವಾಗಿ ಹಿಡಿಯುವ ಪ್ಲಾನಾದರೆ ಮುಂದಿನ ತಿಂಗಳ 599 ಕೂಡ ಅದೇ ಕಾಗದದಲ್ಲಿ ಬಂದು ಕೂರುತ್ತದೆ. ಆಗ ಮೊತ್ತ ದಿಢೀರನೆ ಸಾವಿರ ದಾಟುತ್ತದೆ. ಪ್ರತಿ ಸಾಲಿನ ಪಕ್ಕ ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆದಿರುತ್ತದೆ. ಕ್ಯಾಲ್ಕ್ಯುಲೇಟರ್ ತೆಗೆದು ದಿನಗಳ ಲೆಕ್ಕ ಹಾಕಿದರೆ ಅರ್ಧ ಗಂಟೆಯ ಕೋಪ ಎರಡು ನಿಮಿಷದಲ್ಲಿ ಇಳಿಯುತ್ತದೆ. ಹೊಸ ಸಂಪರ್ಕದ ಮೊದಲ ಬಿಲ್ಲೂ ಹೀಗೆಯೇ ಭಾರವಾಗಿರುತ್ತದೆ. ಅದರಲ್ಲಿ ಠೇವಣಿ ಇದ್ದರೆ ಆ ರಸೀದಿಯನ್ನು ಜೋಪಾನ ಮಾಡು. ಸಂಪರ್ಕ ಬಿಡುವ ದಿನ ಅದು ನಿನಗೆ ವಾಪಸು ಬರಬೇಕಾದ ದುಡ್ಡು.

ಲೆಕ್ಕ ಹಾಕಿದರೂ ತಾಳೆಯಾಗದ ಸಾಲು ಒಂದಿದ್ದರೆ ಅದು ಹೆಚ್ಚಾಗಿ ನೀನು ಕೇಳದ ಸೇವೆಯದು: ಹಾಡು, ಜಾತಕ, ಆಟ, ಇನ್ಯಾವುದೋ ಚಂದಾ. ಇಂಥವನ್ನು ಗ್ರಾಹಕನ ಸ್ಪಷ್ಟ ಒಪ್ಪಿಗೆಯಿಲ್ಲದೆ ಶುರು ಮಾಡುವಂತಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರಲ್ಲೇ ಕಟ್ಟುನಿಟ್ಟು ಮಾಡಿದೆ. 155223 ಸಂಖ್ಯೆಗೆ ಕರೆ ಮಾಡಿ ಅವನ್ನು ನಿಲ್ಲಿಸಬಹುದು. ಅಪ್ಪನ ಮೊಬೈಲಿನಲ್ಲಿ ಇದನ್ನು ವಿಶೇಷವಾಗಿ ನೋಡು. ಕಣ್ಣು ಮಂಜಾದವರು ಪರದೆಯ ಮೇಲೆ ಬಂದದ್ದನ್ನು ಗೊತ್ತಿಲ್ಲದೆ ಒತ್ತಿಬಿಡುತ್ತಾರೆ. ಪ್ರೀಪೇಯ್ಡ್ ಇಟ್ಟುಕೊಂಡವರಿಗೆ ಬಿಲ್ಲೇ ಬರುವುದಿಲ್ಲ, ದುಡ್ಡು ಹೇಗೆ ಕರಗಿತು ಎಂದೇ ತಿಳಿಯುವುದಿಲ್ಲ. ಅವರೂ ಬಳಕೆಯ ವಿವರ ಕೇಳಿ ಪಡೆಯಬಹುದು. ಟ್ರಾಯ್‌ನ 2012ರ ನಿಯಮದ ಪ್ರಕಾರ ಅದಕ್ಕೆ 50 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ.

ಇನ್ನು ರಸೀದಿಯ ಮಾತು. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬ್ಯಾಂಕಿನಿಂದ ದುಡ್ಡು ಹೋಯಿತೆಂಬ ಮೆಸೇಜು ಬಂದರೆ ಅದು ಬ್ಯಾಂಕಿನ ಮಾತು. ಕಂಪನಿಗೆ ಸೇರಿತೆಂಬುದಕ್ಕೆ ಕಂಪನಿಯ ರಸೀದಿಯೇ ಸಾಕ್ಷಿ. ಯುಪಿಐಯಲ್ಲಿ ಕಟ್ಟಿದರೆ 12 ಅಂಕಿಯ ಒಂದು ಸಂಖ್ಯೆ ಬರುತ್ತದೆ, ಅದು ಎರಡೂ ಕಡೆಯವರು ಹುಡುಕಲು ಬೇಕಾದ ಸುಳಿವು. ಖಾತೆಯಿಂದ ದುಡ್ಡು ಹೋಗಿ ಅತ್ತ ಸೇರದಿದ್ದರೆ ಕೂಡಲೇ ಮತ್ತೆ ಕಟ್ಟಲು ಧಾವಿಸಬೇಡ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ, ವ್ಯಾಪಾರಿಗೆ ಮಾಡಿದ ಇಂಥ ಯುಪಿಐ ಪಾವತಿ ವಿಫಲವಾದರೆ ಐದು ದಿನದೊಳಗೆ ತಾನಾಗಿ ನಿನ್ನ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವೂ ಉಂಟು. ಬಿಲ್ಲಿನ ಗಡುವು ಹತ್ತಿರವಿದ್ದರೆ ಮಾತ್ರ, ವಿಚಾರಿಸಿಕೊಂಡು ಇನ್ನೊಮ್ಮೆ ಕಟ್ಟು. ಬೆಂಗಳೂರು ಒನ್, ಕರ್ನಾಟಕ ಒನ್ ಕೇಂದ್ರದಲ್ಲಿ ಕಟ್ಟುವ ಹಿರಿಯರಿಗೆ ಒಂದು ಸೂಚನೆ ಹೇಳು: ನುಣುಪು ಕಾಗದದ ರಸೀದಿಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಮನೆಗೆ ಬಂದ ದಿನವೇ ಅದರ ಫೋಟೋ ತೆಗೆದಿಡಬೇಕು. ಬೇರೆಯವರ ಬಿಲ್ಲನ್ನು ಆ್ಯಪ್‌ನಲ್ಲಿ ಕಟ್ಟುವಾಗ ಸಂಖ್ಯೆ ಹಾಕಿದ ಮೇಲೆ ಹೆಸರು ತೋರಿಸಿದರೆ ಅದನ್ನು ಓದಿಯೇ ಮುಂದೆ ಹೋಗು. ಒಂದು ಅಂಕಿ ತಪ್ಪಿದರೆ ಯಾರದೋ ಬಿಲ್ಲು ತೀರುತ್ತದೆ, ಅಪ್ಪನ ಬಾಕಿ ಹಾಗೆಯೇ ಉಳಿಯುತ್ತದೆ.

ಇದಕ್ಕೆಲ್ಲ ದೊಡ್ಡ ವ್ಯವಸ್ಥೆ ಬೇಡ. ನೂರು ಪುಟದ ಒಂದು ನೋಟ್‌ಬುಕ್ ಇಡು. ಒಂದೊಂದು ಸಂಪರ್ಕಕ್ಕೆ ಒಂದೊಂದು ಪುಟ. ಬಿಲ್ಲಿನ ದಿನಾಂಕ, ಮೊತ್ತ, ಕಟ್ಟಿದ ದಿನ, ಕಟ್ಟಿದ ಮೊತ್ತ, ರಸೀದಿ ಸಂಖ್ಯೆ, ಇಷ್ಟನ್ನು ಒಂದೇ ಸಾಲಿನಲ್ಲಿ ಬರೆ. ಪುಟದ ನೆತ್ತಿಯ ಮೇಲೆ ಫೋನ್ ನಂಬರಿನ ಜೊತೆ ಗ್ರಾಹಕ ಖಾತೆ ಸಂಖ್ಯೆಯೂ ಇರಲಿ, ಎರಡೂ ಒಂದೇ ಅಲ್ಲ. ಆಟೋಪೇ ಹಾಕಿಟ್ಟಿದ್ದರೂ ಬರೆ. ತಾನಾಗಿ ದುಡ್ಡು ಹೋಗುವ ಕಡೆಯೇ ನಮ್ಮ ಗಮನ ಮೊದಲು ತಪ್ಪುವುದು.

ಎಲ್ಲ ನೋಡಿದ ಮೇಲೂ ತಪ್ಪು ಅವರದೇ ಎಂದು ಖಾತ್ರಿಯಾದರೆ ಸುಮ್ಮನಿರಬೇಡ. ಗ್ರಾಹಕ ಸೇವಾ ಕೇಂದ್ರಕ್ಕೆ ಕರೆ ಮಾಡಿ ದೂರು ದಾಖಲಿಸು, ದೂರಿನ ಗುರುತಾಗಿ ಕೊಡುವ ಡಾಕೆಟ್ ನಂಬರ್ ಪಡೆಯದೆ ಫೋನ್ ಇಡಬೇಡ. ಅದಿಲ್ಲದ ದೂರು ಬರೀ ಮಾತು. ತಕರಾರಿಲ್ಲದ ಮೊತ್ತವನ್ನು ಗಡುವಿನೊಳಗೆ ಕಟ್ಟಿ, ಉಳಿದದ್ದನ್ನು ಯಾಕೆ ಕಟ್ಟಿಲ್ಲ ಎಂದು ಇಮೇಲಿನಲ್ಲಿ ತಿಳಿಸು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆ. ಅದಕ್ಕೆ ಶುಲ್ಕವಿಲ್ಲ, ಅವರು 39 ದಿನದೊಳಗೆ ತೀರ್ಮಾನಿಸಬೇಕು. ಟ್ರಾಯ್‌ಗೆ ನೇರ ಬರೆದರೆ ಕೆಲಸವಾಗುತ್ತದೆಂದು ಬಹಳ ಜನ ನಂಬಿದ್ದಾರೆ, ಆದರೆ ಅದು ಒಬ್ಬೊಬ್ಬರ ದೂರನ್ನು ಇತ್ಯರ್ಥ ಮಾಡುವ ಸಂಸ್ಥೆಯಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವಿದೆ. ದೂರವಾಣಿ ವ್ಯಾಜ್ಯಗಳು ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲವೆಂಬ ವಾದ ಬಹುಕಾಲ ನಡೆಯುತ್ತಿತ್ತು. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ, ಗ್ರಾಹಕರು ಅಲ್ಲಿಗೆ ಹೋಗಬಹುದೆಂದು ಹೇಳಿತು. ಆ ಬಾಗಿಲಿಗೆ ಹೋದಾಗ ನಿನ್ನ ಕೈಯಲ್ಲಿರಬೇಕಾದದ್ದು ಆ ನೋಟ್‌ಬುಕ್ಕು, ರಸೀದಿಗಳು, ಡಾಕೆಟ್ ನಂಬರು.

ಇನ್ನೊಂದು ಎಚ್ಚರಿಕೆ. 'ಬಿಲ್ಲು ಕಟ್ಟಿಲ್ಲ, ಎರಡು ಗಂಟೆಯಲ್ಲಿ ನಂಬರ್ ಬಂದ್ ಆಗುತ್ತದೆ, 9 ಒತ್ತಿ' ಎಂಬ ಕರೆ ಬಂದರೆ ಮಾತು ಬೆಳೆಸದೆ ಇಟ್ಟುಬಿಡು. ಅವರು ಕಳಿಸಿದ ಲಿಂಕನ್ನು ಮುಟ್ಟಬೇಡ, ಹೇಳಿದ ಆ್ಯಪ್ ಹಾಕಿಕೊಳ್ಳಬೇಡ. ಬಾಕಿ ಇದೆಯೋ ಇಲ್ಲವೋ ನಿನ್ನ ಪುಟವೇ ಹೇಳುತ್ತದೆ. ದುಡ್ಡು ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡು. ಲೆಕ್ಕ ಗೊತ್ತಿಲ್ಲದವರನ್ನೇ ಇಂಥವರು ಹೆದರಿಸುವುದು.

ಕೊನೆಯದಾಗಿ ನಿನ್ನ ಅಪ್ಪ-ಅಮ್ಮನ ವಿಷಯ. ಅವರ ಬಿಲ್ಲನ್ನು ನೀನು ಕಟ್ಟಿಬಿಟ್ಟರೆ ಕರ್ತವ್ಯ ಮುಗಿಯಲಿಲ್ಲ. ಕೇಳಿದರೆ ಮಕ್ಕಳಿಗೆ ತೊಂದರೆ, ಕೇಳಿದರೆ ತಮಗೆ ತಿಳಿಯದ್ದು ಬಯಲಾಗುತ್ತದೆ ಎಂದು ಸುಮ್ಮನಿದ್ದು, ಬಳಸದ ಪ್ಲಾನಿಗೆ ವರ್ಷಗಟ್ಟಲೆ ದುಡ್ಡು ತೆತ್ತ ಹಿರಿಯರು ನಮ್ಮ ನಡುವೆ ಬಹಳ ಇದ್ದಾರೆ. ಊರಿಗೆ ಹೋದಾಗ ಅವರ ಜೊತೆ ಕೂತು ಆರು ತಿಂಗಳ ಬಿಲ್ಲನ್ನು ಸಾಲುಸಾಲಾಗಿ ಓದಿ ಹೇಳು. ಎಷ್ಟು ಬಳಸುತ್ತಾರೆ, ಎಷ್ಟಕ್ಕೆ ಕಟ್ಟುತ್ತಿದ್ದಾರೆ ನೋಡಿ ಪ್ಲಾನು ಬದಲಿಸು. ಅವರ ಪುಟವನ್ನು ಅವರ ಕೈಯಲ್ಲೇ ಬರೆಸು. ಬಿಲ್ಲು ಸರಿಯಿದ್ದರೆ ಗಡುವಿಗೆ ಮೊದಲೇ ಕಟ್ಟು, ಅದು ನಮ್ಮ ಋಣ. ಸರಿಯಿಲ್ಲದಿದ್ದರೆ ಧೈರ್ಯವಾಗಿ ಕೇಳು, ಅದು ನಮ್ಮ ಹಕ್ಕು.