ಕೊಟ್ಟಿಗೆಯ ಮಳೆನೀರೂ ಊರ ಕೆರೆಯೂ

ರೋಣ ತಾಲೂಕಿನ ಸವಡಿ ಮೊದಲಾದ ಎರೆಭೂಮಿಯ ಗ್ರಾಮಗಳಲ್ಲಿ ಕೆರೆಯ ನೀರಿನ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಾದುದಿಲ್ಲ. ಈ ಸೀಮೆಯ ಅನೇಕ ಕಡೆಗಳಲ್ಲಿ ಭೂಗರ್ಭದ ನೀರು ಸವುಳಾಗಿರುವುದು, ಇಲ್ಲವೆ ಫ್ಲೋರೈಡಿನಿಂದ ಕೂಡಿರುವುದು. ಇಂಥಲ್ಲಿ ಆಕಾಶದಿಂದ ಬಿದ್ದ ಸಿಹಿನೀರನ್ನು ನಾವೇ ಕೆಡಿಸಿಕೊಳ್ಳುವುದು ವಿವೇಕವಲ್ಲ.

ನೀರು ಕೆಡುವ ಬಗೆಯನ್ನು ಮೊದಲು ತಿಳಿಯತಕ್ಕದ್ದು. ಬೇಸಗೆಯಲ್ಲಿ ಬಾಯ್ಬಿಟ್ಟ ಎರೆಮಣ್ಣು ಮೊದಲ ಮಳೆಯನ್ನು ಬಿರುಕುಗಳಲ್ಲಿ ಕುಡಿಯುವುದು. ಮಣ್ಣು ನೆನೆದು ಉಬ್ಬಿ ಬಿರುಕುಗಳು ಮುಚ್ಚಿದ ಮೇಲೆ ನೀರು ಬಹು ನಿಧಾನವಾಗಿ ಇಂಗುವುದು. ಆಗ ಬಿದ್ದ ಮಳೆಯು ಕೊಟ್ಟಿಗೆಯ ಅಂಗಳವನ್ನೂ ತಿಪ್ಪೆಯನ್ನೂ ತೊಳೆದುಕೊಂಡು ಹಳ್ಳಕ್ಕೂ ಕೆರೆಗೂ ಹರಿಯುವುದು. ದನ, ಎಮ್ಮೆ, ಕುರಿಗಳು ನೋಡಲು ಆರೋಗ್ಯವಾಗಿದ್ದರೂ ಅವುಗಳ ಸಗಣಿ ಹಿಕ್ಕೆಗಳಲ್ಲಿ ಸಾಲ್ಮೊನೆಲ್ಲ, ಕ್ಯಾಂಪಿಲೋಬ್ಯಾಕ್ಟರ್ ಹಾಗೂ ಈ. ಕೋಲಿಯ ಕೆಲವು ಘೋರ ಜಾತಿಗಳು ಇರಬಹುದು. ಇವು ನೀರಿನೊಡನೆ ಹೊಟ್ಟೆ ಸೇರಿದರೆ ಭೇದಿಯುಂಟಾಗುವುದು. ಶಿಶುಗಳಿಗೆ ಪ್ರಾಣಾಪಾಯವೂ ಉಂಟು. ಆದುದರಿಂದಲೇ ಭಾರತದ ಮಾನಕದಂತೆ, ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಒಂದೇ ಒಂದು ಈ. ಕೋಲಿಯೂ ಕಾಣಕೂಡದು.

2000ನೆಯ ಇಸವಿಯ ಮೇ ತಿಂಗಳಲ್ಲಿ ಕೆನಡಾ ದೇಶದ ವಾಕರ್ಟನ್ ಎಂಬ ಸುಮಾರು 5,000 ಜನರ ಊರಿನಲ್ಲಿ ಭಾರಿ ಮಳೆಯು ಹೊಲದ ಸಗಣಿಗೊಬ್ಬರವನ್ನು ಒಂದು ಆಳವಿಲ್ಲದ ಬಾವಿಗೆ ಒಯ್ದಿತು. 2,300ಕ್ಕೂ ಹೆಚ್ಚು ಜನರು ಕಾಯಿಲೆ ಬಿದ್ದರು. ಏಳು ಮಂದಿ ಮೃತರಾದರು. ಗೊಬ್ಬರ ಹಾಕಿದ ರೈತನು ಕ್ರಮ ತಪ್ಪಿರಲಿಲ್ಲವೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ನೀರು ಶುದ್ಧಿ ಮಾಡತಕ್ಕವರು ಕ್ಲೋರಿನ್ ಬೆರೆಸುವುದರಲ್ಲಿ ಅಲಕ್ಷ್ಯ ಮಾಡಿದ್ದರು. ಒಬ್ಬನ ಎಚ್ಚರಿಕೆಯೊಂದೇ ಊರನ್ನು ಕಾಯಲಾರದೆಂಬುದಕ್ಕೆ ಇದು ನಿದರ್ಶನ.

ಇನ್ನು ಪರಿಹಾರ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರಾಗುವುದು. 60 ಚದರ ಮೀಟರಿನ ಕೊಟ್ಟಿಗೆಯ ಮಾಳಿಗೆಯಿಂದ 50 ಮಿಲಿಮೀಟರು ಮಳೆಗೆ 3,000 ಲೀಟರು ಇಳಿಯುವುದು. ಈ ನೀರನ್ನು ದೋಣಿಯಿಂದ ಹಿಡಿದು ಬೇರೆ ಕಡೆಗೆ ಹರಿಸಿದರೆ ಅಂಗಳದ ಸಗಣಿಯನ್ನು ತೊಳೆಯುವ ನೀರು ಅಷ್ಟು ಕಡಿಮೆಯಾಗುವುದು. ಕೊಟ್ಟಿಗೆಯ ಮೇಲ್ಭಾಗದಲ್ಲಿ ಸಣ್ಣ ಒಡ್ಡು ಹಾಕಿ ಹೊರಗಿನ ನೀರನ್ನೂ ತಪ್ಪಿಸತಕ್ಕದ್ದು. ಕೆಳಭಾಗದಲ್ಲಿ ಒಂದು ತಗ್ಗು ತೋಡಿ ಕೊಳೆನೀರನ್ನು ತಡೆದು, ಮಿಕ್ಕು ಹೋಗುವ ನೀರು ದಟ್ಟವಾದ ಕರಿಕೆಯ ಪಟ್ಟಿಯ ಮೇಲೆ ತೆಳ್ಳಗೆ ಹರಿಯುವಂತೆ ಮಾಡತಕ್ಕದ್ದು.

ತಿಪ್ಪೆಯು ಹಳ್ಳ, ಕೆರೆ, ಬಾವಿಗಳಿಂದ ದೂರದಲ್ಲಿ, ನೀರು ನಿಲ್ಲದ ಎತ್ತರದಲ್ಲಿರಬೇಕು. 1931ರಲ್ಲಿ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ಇವರು ಪ್ರಕಟಿಸಿದ ಇಂದೂರು ಪದ್ಧತಿಯಂತೆ ಕಸಕಡ್ಡಿ ಸಗಣಿಗಳನ್ನು ಪದರಪದರವಾಗಿ ಒಟ್ಟಿ, ಹದವಾಗಿ ನೀರು ಕೊಟ್ಟು, ತಿರುವಿ ಹಾಕಿದರೆ ರಾಶಿಯು ತಾನೇ ಕಾಯುವುದು. 55 ಡಿಗ್ರಿ ಸೆಲ್ಸಿಯಸ್‌ಗೆ ಮೇಲ್ಪಟ್ಟ ಕಾವು ಹದಿನೈದು ದಿನ ನಿಂತು, ಅಷ್ಟರಲ್ಲಿ ಐದು ಸಾರೆ ರಾಶಿಯನ್ನು ತಿರುವಿದರೆ ರೋಗಾಣುಗಳು ಬಹುಮಟ್ಟಿಗೆ ನಾಶವಾಗುವವು. ಗೊಬ್ಬರವನ್ನು ಹೊಲಕ್ಕೆ ಹಾಕಿದ ಕೂಡಲೆ ಮಣ್ಣಿನಲ್ಲಿ ಬೆರೆಸಬೇಕು. ಮಳೆಯ ಮೋಡ ಕಂಡ ದಿನ ಹರಡಕೂಡದು.

ಇಷ್ಟಾದರೂ ಕೆರೆಯ ನೀರನ್ನು ಸೋಸಿ ಕುದಿಸದೆ ಕುಡಿಯಲಾಗದು.

ಕೊಚ್ಚಿಹೋಗುವ ಸಗಣಿಯು ಮೇಲಿನ ಓಣಿಯವನಿಗೆ ಗೊಬ್ಬರದ ನಷ್ಟ, ಕೆಳಗಿನವನಿಗೆ ರೋಗ. ಆದಕಾರಣ ಗ್ರಾಮದ ಹಿರಿಯರು ಮುಂಗಾರಿಗೆ ಮೊದಲೇ ಕೆರೆಯ ಬಾಯಿಂದ ನೀರಿನ ಜಾಡು ಹಿಡಿದು ಮೇಲಕ್ಕೆ ನಡೆದು, ದಾರಿಯಲ್ಲಿ ಸಿಕ್ಕ ತಿಪ್ಪೆಗಳನ್ನು ಸ್ಥಳಾಂತರ ಮಾಡಿಸಬೇಕು. ತಮ್ಮ ತಿಪ್ಪೆಯಿದ್ದರೆ ಅದನ್ನೇ ಮೊದಲು.