ಮಡಂತ್ಯಾರಿನ ಸೈಬರ್ ಅಂಗಡಿಯಲ್ಲಿ ಕಲಿತ ಬ್ರೌಸರ್ ಪಾಠ

ಮಡಂತ್ಯಾರು ಕಡೆಯಿಂದ ದಿನಾ ಬಸ್ಸಲ್ಲಿ ಕಾಲೇಜಿಗೆ ಬರುವವರು ನಾವು ಮೂವರು. ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ ಹೋಗುವಾಗ ಪುಂಜಾಲಕಟ್ಟೆ ದಾಟಿದ ಮೇಲೆ ಸಿಗುವ ಪೇಟೆ ಅದು. ಅಲ್ಲೊಂದು ಸೈಬರ್ ಅಂಗಡಿ ಉಂಟು. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಿಷನ್, ಒಂದು ಲ್ಯಾಮಿನೇಶನ್ ಮಿಷನ್, ಅಷ್ಟೆ. ಆದರೆ ಆರ್‌ಟಿಸಿ, ಆಧಾರ್ ಪ್ರಿಂಟ್, ಸಿಇಟಿ ಅರ್ಜಿ, ಸ್ಕಾಲರ್‌ಶಿಪ್ ಎಂದು ಸುತ್ತಲಿನ ಹಳ್ಳಿಯವರೆಲ್ಲ ಬರುವುದು ಅಲ್ಲಿಗೇ.

ಕಳೆದ ಮಳೆಗಾಲದಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಲಿಕ್ಕೆ ನಮ್ಮಲ್ಲಿ ಇಬ್ಬರು ಅಲ್ಲಿ ಕೂತಿದ್ದೆವು. ಮರುದಿನ ಕೊನೇ ದಿನಾಂಕ, ಹೊರಗೆ ಜೋರು ಮಳೆ, ಒಂದೇ ಕಂಪ್ಯೂಟರ್ ಖಾಲಿ. ಸಮಯ ಉಳಿಸುವ ಎಂದು ಒಂದು ಟ್ಯಾಬಿನಲ್ಲಿ ಒಬ್ಬನ ಲಾಗಿನ್, ಪಕ್ಕದ ಟ್ಯಾಬಿನಲ್ಲಿ ಇನ್ನೊಬ್ಬನ ಲಾಗಿನ್ ಮಾಡಿದೆವು. ಆಮೇಲೆ ಮೊದಲ ಟ್ಯಾಬಿಗೆ ಬಂದು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿ ಸೇವ್ ಒತ್ತಿದೆವು. ಪುಟ ಮತ್ತೆ ಲೋಡ್ ಆದಾಗ ಮೇಲೆ ಬಂದ ಹೆಸರು ಇನ್ನೊಬ್ಬನದು! ಒಬ್ಬನ ಅಪ್ಪನ ಆದಾಯ ಇನ್ನೊಬ್ಬನ ಅರ್ಜಿಗೆ ಹೋಗಿ ಕೂತಿತ್ತು. ಫೈನಲ್ ಸಬ್ಮಿಟ್ ಮಾಡಿರಲಿಲ್ಲ, ಹಾಗಾಗಿ ಬಚಾವ್.

ಆ ದಿನ ಸೈಟನ್ನು ಬೈದು ಮನೆಗೆ ಹೋದೆವು. ಆದರೆ ತಪ್ಪು ನಮ್ಮದೇ ತಿಳುವಳಿಕೆಯದು. ವೆಬ್ ಟೆಕ್ನಾಲಜಿ ಪೇಪರಿನಲ್ಲಿ ಕುಕಿ, ಸೆಶನ್ ಎಂದೆಲ್ಲ ಬರೆದು ಪಾಸಾದವರೇ ನಾವು, ಆದರೂ ಹೊಳೆಯಲಿಲ್ಲ. ಎಚ್‌ಟಿಟಿಪಿಗೆ ತನ್ನದೇ ನೆನಪಿಲ್ಲ. ಲಾಗಿನ್ ಆದ ಕೂಡಲೇ ಸರ್ವರ್ ನಮಗೊಂದು ಸೆಶನ್ ಐಡಿಯನ್ನು ಕುಕಿಯಾಗಿ ಕೊಡುತ್ತದೆ. ಬ್ರೌಸರ್ ಅದನ್ನು ಸೈಟಿನ ಹೆಸರಿನಲ್ಲಿ ಇಟ್ಟುಕೊಳ್ಳುತ್ತದೆ, ಟ್ಯಾಬಿನ ಹೆಸರಿನಲ್ಲಿ ಅಲ್ಲ. ಒಂದು ಪ್ರೊಫೈಲಿನ ಹತ್ತು ಟ್ಯಾಬಿಗೂ ಕುಕಿಯ ಡಬ್ಬಿ ಒಂದೇ. ಎರಡನೆಯವನು ಲಾಗಿನ್ ಆದಾಗ ಮೊದಲನೆಯವನ ಕುಕಿ ಹೋಗಿ ಅದೇ ಜಾಗದಲ್ಲಿ ಹೊಸತು ಬಂತು. ಮೊದಲ ಟ್ಯಾಬಿನಲ್ಲಿ ಕಾಣುತ್ತಿದ್ದ ಹೆಸರು ಹಳೇ ಚಿತ್ರ ಮಾತ್ರ. ಸೇವ್ ಒತ್ತಿದಾಗ ಹೋದದ್ದು ಹೊಸ ಕುಕಿ. ಹೊಸ ವಿಂಡೋ ತೆರೆದಿದ್ದರೂ ಇದೇ ಕಥೆ ಆಗುತ್ತಿತ್ತು. ಎರಡು ಇನ್‌ಕಾಗ್ನಿಟೋ ವಿಂಡೋ ತೆರೆದರೂ ಅಷ್ಟೆ, ಅವೆರಡಕ್ಕೂ ಸೇರಿ ಒಂದೇ ಡಬ್ಬಿ.

ನಿಜವಾಗಿ ಬೇರೆ ಬೇರೆ ಬೇಕಾದರೆ ಪ್ರೊಫೈಲ್ ಬೇರೆ ಆಗಬೇಕು, ಇಲ್ಲದಿದ್ದರೆ ಬ್ರೌಸರೇ ಬೇರೆ ಆಗಬೇಕು. ಫೈರ್‌ಫಾಕ್ಸ್‌ನಲ್ಲಿ ಇನ್ನೊಂದು ಒಳ್ಳೆಯ ದಾರಿ ಉಂಟು. ಮೊಜಿಲ್ಲಾದವರೇ 2017ರಲ್ಲಿ ಬಿಟ್ಟ ಮಲ್ಟಿ ಅಕೌಂಟ್ ಕಂಟೇನರ್ಸ್ ಎಂಬ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಟ್ಯಾಬಿಗೊಂದು ಬಣ್ಣ ಬರುತ್ತದೆ, ಬಣ್ಣಕ್ಕೊಂದು ಕುಕಿ ಡಬ್ಬಿ. ಕಾಲೇಜಿನ ಮೇಲ್ ನೀಲಿಯಲ್ಲಿ, ಸ್ವಂತ ಮೇಲ್ ಹಸಿರಲ್ಲಿ, ಎರಡೂ ಒಟ್ಟಿಗೆ ತೆರೆದಿಡಬಹುದು. ನಾವು ಮೂವರೂ ಈಗ ಅದನ್ನೇ ಬಳಸುವುದು.

ಡ್ರಾಪ್‌ಡೌನಿನಲ್ಲಿ ಊರಿಡೀ

ನಿಜವಾದ ಗಾಬರಿ ಆದದ್ದು ಅದೇ ಅಂಗಡಿಗೆ ಮುಂದಿನ ವಾರ ಹೋದಾಗ. ಲಾಗಿನ್ ಪೆಟ್ಟಿಗೆ ಮೇಲೆ ಕ್ಲಿಕ್ ಮಾಡಿದ್ದೇ ತಡ, ಕೆಳಗೆ ಉದ್ದಕ್ಕೆ ಪಟ್ಟಿ ಇಳಿಯಿತು. ಹತ್ತಾರು ಐಡಿಗಳು, ಪ್ರತಿಯೊಂದರ ಪಕ್ಕ ಚುಕ್ಕಿ ಚುಕ್ಕಿ ಪಾಸ್‌ವರ್ಡ್. ಒಂದನ್ನು ಆರಿಸಿದರೆ ಅವರ ಅರ್ಜಿ, ಅವರ ಜಾತಿ, ಆದಾಯ, ಮಾರ್ಕು ಎಲ್ಲ ನಮ್ಮ ಎದುರು. ಬಂದವರೆಲ್ಲ 'ಸೇವ್ ಪಾಸ್‌ವರ್ಡ್?' ಎಂದು ಕೇಳಿದಾಗ ನೀಲಿ ಬಟನ್ ಒತ್ತಿ ಹೋದವರು.

ಆ ಚುಕ್ಕಿಗಳನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ. ಪೆಟ್ಟಿಗೆಯ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್‌ಗೆ ಹೋಗಿ, ಟೈಪ್ ಎಂಬಲ್ಲಿ ಪಾಸ್‌ವರ್ಡ್ ತೆಗೆದು ಟೆಕ್ಸ್ಟ್ ಎಂದು ಬರೆದರೆ ಚುಕ್ಕಿ ಹೋಗಿ ಅಕ್ಷರ ಬರುತ್ತದೆ. ಕ್ರೋಮ್ ಪಾಸ್‌ವರ್ಡ್‌ಗಳನ್ನು ಒಂದು ಎಸ್‌ಕ್ಯುಎಲ್‌ಲೈಟ್ ಫೈಲಿನಲ್ಲಿ ಎನ್‌ಕ್ರಿಪ್ಟ್ ಮಾಡಿಯೇ ಇಡುತ್ತದೆ ನಿಜ. ಆದರೆ ಅದರ ಬೀಗದ ಕೀ ಇರುವುದು ವಿಂಡೋಸ್ ಲಾಗಿನ್ ಜೊತೆಗೆ. ವಿಂಡೋಸ್ ಒಳಗೆ ಬಂದವನು ಯಾರೇ ಆಗಲಿ, ಕ್ರೋಮ್ ಪಾಲಿಗೆ ಅವನೇ ಯಜಮಾನ. ಪಾಸ್‌ವರ್ಡ್ ತೋರಿಸುವ ಮೊದಲು ಅದು ವಿಂಡೋಸ್ ಪಾಸ್‌ವರ್ಡ್ ಕೇಳುತ್ತದೆ. ವಿಂಡೋಸ್‌ಗೆ ಪಾಸ್‌ವರ್ಡೇ ಇಡದಿದ್ದರೆ ಕೇಳುವುದಾದರೂ ಏನನ್ನು? ಫೈರ್‌ಫಾಕ್ಸ್‌ನದ್ದು ಬೇರೆ ಲೆಕ್ಕ. ಪಾಸ್‌ವರ್ಡ್ ಒಂದು ಫೈಲಿನಲ್ಲಿ, ಕೀ ಇನ್ನೊಂದು ಫೈಲಿನಲ್ಲಿ, ಎರಡೂ ಒಂದೇ ಫೋಲ್ಡರಿನಲ್ಲಿ. ಪ್ರೈಮರಿ ಪಾಸ್‌ವರ್ಡ್ ಇಡದಿದ್ದರೆ ಆ ಎರಡನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದವನಿಗೆ ಎಲ್ಲ ಸಿಕ್ಕಿದ ಹಾಗೆ. 2020ರ ವರೆಗೆ ಮಾಸ್ಟರ್ ಪಾಸ್‌ವರ್ಡ್ ಎನ್ನುತ್ತಿದ್ದದ್ದೇ ಈ ಪ್ರೈಮರಿ ಪಾಸ್‌ವರ್ಡ್.

ಲಾಗಿನ್ ಬೇರೆಯವರ ಕೈಗೆ ಹೋದರೆ ಎಂತ ಆಗುತ್ತದೆ ಎಂದು ನಮಗೆ ಹೊಸದಾಗಿ ಹೇಳಬೇಕಿಲ್ಲ. 2024ರ ಇಂಜಿನಿಯರಿಂಗ್ ಕೌನ್ಸೆಲಿಂಗ್‌ನಲ್ಲಿ ಸೀಟ್ ಬ್ಲಾಕಿಂಗ್ ನಡೆಯಿತೆಂದು ಬೆಂಗಳೂರಿನ ಮಲ್ಲೇಶ್ವರ ಠಾಣೆಯಲ್ಲಿ ಕೇಸಾಯಿತಲ್ಲ, ಅದರಲ್ಲೂ ಅಭ್ಯರ್ಥಿಗಳ ಲಾಗಿನ್ ಬಳಸಿ ಬೇರೆಯವರು ಆಪ್ಶನ್ ಎಂಟ್ರಿ ಮಾಡಿದರು ಎಂಬುದೇ ಆರೋಪ.

ಅಂಗಡಿಯ ಅಣ್ಣನಿಗೆ ಪಟ್ಟಿ ತೋರಿಸಿ, "ಇದನ್ನೆಲ್ಲ ಡಿಲೀಟ್ ಮಾಡಿ ಸೇವಿಂಗ್ ಆಫ್ ಮಾಡುವ ಅಣ್ಣಾ" ಎಂದೆವು. ಅವರು ಒಪ್ಪಲಿಲ್ಲ. "ನಿಮಗೆ ಸುಲಭ ಮಾರ್ರೆ. ಬೀಡಿ ಕಟ್ಟುವ ಅಕ್ಕ ಮಗಳ ಸ್ಕಾಲರ್‌ಶಿಪ್ಪಿಗೆ ವರ್ಷಕ್ಕೊಮ್ಮೆ ಬರ್ತಾರೆ. ಪಾಸ್‌ವರ್ಡ್ ಎಂತ ಕೇಳಿದ್ರೆ 'ಹೋದ ವರ್ಷ ನೀವೇ ಹಾಕಿದ್ದಲ್ವಾ' ಅಂತಾರೆ. ಓಟಿಪಿ ಹೋಗುವ ನಂಬರ್ ಗಂಡನದ್ದು, ಅವರು ದುಬೈಯಲ್ಲಿ. ಈ ಕಂಪ್ಯೂಟರಿಗೆ ನೆನಪಿಲ್ಲದಿದ್ರೆ ಆ ಮಗುವಿನ ದುಡ್ಡು ಹೋಯ್ತು."

ನಮ್ಮ ಬಾಯಿ ಮುಚ್ಚಿತು. ಸೆಕ್ಯೂರಿಟಿ ಬಗ್ಗೆ ಸೆಮಿನಾರಿನಲ್ಲಿ ಮಾತಾಡುವಾಗ ಇಂಥ ಅಕ್ಕ ನಮ್ಮ ಸ್ಲೈಡಿನಲ್ಲಿ ಇರುವುದಿಲ್ಲ.

ನಾವು ಮಾಡಿದ ಸೆಟ್ಟಿಂಗ್

ಎರಡು ಶನಿವಾರ ಮಧ್ಯಾಹ್ನ ಕೂತು ಹೀಗೆ ಮಾಡಿದೆವು. ವಿಂಡೋಸ್‌ನಲ್ಲಿ ಎರಡು ಯೂಸರ್: ಒಂದು ಅಣ್ಣನದು, ಪಾಸ್‌ವರ್ಡ್ ಸಮೇತ; ಇನ್ನೊಂದು ಗಿರಾಕಿಗಳದು. ಹಳೇ ಪಾಸ್‌ವರ್ಡ್ ಪಟ್ಟಿ ಅಣ್ಣನ ಯೂಸರಿನಲ್ಲೇ ಉಳಿಯಿತು. ಅಲ್ಲಿ ಕ್ರೋಮ್ ಸೆಟ್ಟಿಂಗ್ಸ್‌ನ ಪಾಸ್‌ವರ್ಡ್ ಮ್ಯಾನೇಜರಿಗೆ ಹೋಗಿ 'ಆಫರ್ ಟು ಸೇವ್ ಪಾಸ್‌ವರ್ಡ್ಸ್', 'ಸೈನ್ ಇನ್ ಆಟೊಮ್ಯಾಟಿಕಲಿ' ಎರಡನ್ನೂ ಆಫ್ ಮಾಡಿದೆವು. ಸೇವ್ ಆಫ್ ಮಾಡಿದರೆ ಹಳತು ಅಳಿಯುವುದಿಲ್ಲ, ಹೊಸತು ಸೇರುವುದಿಲ್ಲ ಅಷ್ಟೆ. ಇದು ಹಲವರಿಗೆ ಗೊತ್ತಿಲ್ಲ. ಹಳಬರು ಒಬ್ಬೊಬ್ಬರೇ ಬಂದಾಗ ಅಣ್ಣ ಅವರ ಪಾಸ್‌ವರ್ಡ್ ನೋಡಿ, ಅವರದೇ ಪುಸ್ತಕದಲ್ಲಿ ಬರೆದುಕೊಟ್ಟು, ಪಟ್ಟಿಯಿಂದ ಅಳಿಸುವುದು ಎಂದು ತೀರ್ಮಾನವಾಯಿತು. ಕಾಗದದಲ್ಲಿ ಬರೆಯುವುದಾ ಎಂದು ನಗಬೇಡಿ. ಮನೆಯ ಕಪಾಟಿನೊಳಗಿರುವ ಪುಸ್ತಕವನ್ನು ಊರಿನವರೆಲ್ಲ ಬಂದು ತೆರೆಯುವುದಿಲ್ಲ. ನಮ್ಮಲ್ಲೊಬ್ಬ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ ಪ್ರಿಂಟ್ ತೆಗೆಯುವ ಎಂದಿದ್ದ. ಆ ಫೈಲಿನಲ್ಲಿ ಎಲ್ಲ ಪಾಸ್‌ವರ್ಡ್ ಯಾವ ಎನ್‌ಕ್ರಿಪ್ಶನ್ನೂ ಇಲ್ಲದೆ ಬರುತ್ತದೆ ಎಂದು ತಿಳಿದ ಮೇಲೆ ಕೈಬಿಟ್ಟೆವು.

ಗಿರಾಕಿಗಳ ಯೂಸರಿನಲ್ಲಿ ಕ್ರೋಮ್ ತೆರೆಯುವುದೇ ಗೆಸ್ಟ್ ಮೋಡಿನಲ್ಲಿ. ಶಾರ್ಟ್‌ಕಟ್ಟಿನ ಪ್ರಾಪರ್ಟೀಸ್‌ಗೆ ಹೋಗಿ ಟಾರ್ಗೆಟ್ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ಎರಡು ಅಡ್ಡಗೆರೆ, ಆಮೇಲೆ ಗೆಸ್ಟ್ ಎಂದು ಇಂಗ್ಲಿಷಿನಲ್ಲಿ ಬರೆದರೆ ಸಾಕು. ಇನ್‌ಕಾಗ್ನಿಟೋ ಯಾಕಲ್ಲ ಎಂದರೆ, ಅದು ಆ ಪ್ರೊಫೈಲಿನಲ್ಲಿ ಮೊದಲೇ ಸೇವ್ ಆದ ಪಾಸ್‌ವರ್ಡನ್ನು ತುಂಬಿಕೊಡುತ್ತದೆ. ಗೆಸ್ಟ್‌ಗೆ ಆ ಪಟ್ಟಿ ಕಾಣುವುದೇ ಇಲ್ಲ. ಒಬ್ಬ ಗಿರಾಕಿ ಎದ್ದ ಮೇಲೆ ಎಲ್ಲ ಗೆಸ್ಟ್ ವಿಂಡೋಗಳನ್ನೂ ಮುಚ್ಚಬೇಕು. ಒಂದು ಉಳಿದರೂ ಕುಕಿ ಉಳಿಯುತ್ತದೆ. ಒಟ್ಟಿಗೆ ಇಬ್ಬರದು ಮಾಡಬೇಕಾದರೆ ಒಬ್ಬರದು ಕ್ರೋಮ್ ಗೆಸ್ಟ್‌ನಲ್ಲಿ, ಇನ್ನೊಬ್ಬರದು ಫೈರ್‌ಫಾಕ್ಸ್ ಪ್ರೈವೇಟ್ ವಿಂಡೋದಲ್ಲಿ. ಡೌನ್‌ಲೋಡ್ ಆದ ಫೈಲ್ ಮಾತ್ರ ಯಾವ ಮೋಡಿನಲ್ಲೂ ತಾನಾಗಿ ಹೋಗುವುದಿಲ್ಲ. ಆ ದಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿದ್ದ ಆಧಾರ್ ಪಿಡಿಎಫ್‌ಗಳನ್ನು ಅಳಿಸಲಿಕ್ಕೇ ಅರ್ಧ ಗಂಟೆ ಹಿಡಿಯಿತು.

ಫೈರ್‌ಫಾಕ್ಸನ್ನು ಕನ್ನಡದಲ್ಲೇ ಹಾಕಿದೆವು, ಕನ್ನಡ ಸಂಘದವರಲ್ಲವಾ. ಅದರಲ್ಲಿ ಪಾಸ್‌ವರ್ಡಿಗೆ ಗುಪ್ತಪದ ಎಂದಿದೆ. ಅಣ್ಣ ಓದಿ, "ಗುಪ್ತ ಅಂತ ಹೆಸರಲ್ಲೇ ಉಂಟು, ಮತ್ತೆ ಸೇವ್ ಮಾಡ್ಲಾ ಅಂತ ಕೇಳೋದೆಂತಕ್ಕೆ?" ಎಂದರು.

ಇನ್ನು ಟ್ಯಾಬಿನ ವಿಷಯ. ಟ್ಯಾಬ್ ಮುಚ್ಚಿದರೆ ಲಾಗ್ ಔಟ್ ಆಯಿತೆಂದು ತಿಳಿಯುವವರು ನಮ್ಮ ಕ್ಲಾಸಿನಲ್ಲೇ ಬೇಕಾದಷ್ಟು ಜನ. ಕಂಟ್ರೋಲ್, ಶಿಫ್ಟ್, ಟಿ ಒಟ್ಟಿಗೆ ಒತ್ತಿ ನೋಡಿ, ಮುಚ್ಚಿದ ಟ್ಯಾಬ್ ಎದ್ದು ಬರುತ್ತದೆ, ಕುಕಿ ಇನ್ನೂ ಜೀವಂತ ಇದ್ದರೆ ಲಾಗಿನ್ ಸಮೇತ. ಇಡೀ ಬ್ರೌಸರ್ ಮುಚ್ಚಿದರೆ ಸೆಶನ್ ಕುಕಿ ಹೋಗಬೇಕೆಂಬುದು ಪುಸ್ತಕದ ಮಾತು. ಆದರೆ ಕ್ರೋಮ್‌ನ ಆನ್ ಸ್ಟಾರ್ಟಪ್‌ನಲ್ಲಿ 'ಕಂಟಿನ್ಯೂ ವೇರ್ ಯು ಲೆಫ್ಟ್ ಆಫ್' ಇಟ್ಟರೆ, ಅಥವಾ ಫೈರ್‌ಫಾಕ್ಸ್‌ನಲ್ಲಿ ಹಿಂದಿನ ಟ್ಯಾಬ್‌ಗಳನ್ನು ತೆರೆ ಎಂದು ಇಟ್ಟರೆ, ಆ ಕುಕಿಗಳೂ ವಾಪಸ್ ಬರುತ್ತವೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೇಗೆ ಎಂದು ಗೊತ್ತುಂಟಲ್ಲ. ಕರೆಂಟ್ ಹೋಗಿ ಬಂದ ಮೇಲೆ ಫೈರ್‌ಫಾಕ್ಸ್ ಹಳೇ ಸೆಶನ್ನನ್ನು ಎತ್ತಿ ಕೊಟ್ಟರೆ, ಮೊದಲಿದ್ದವರು ಮನೆಗೆ ಹೋಗಿ ಚಾ ಕುಡಿಯುತ್ತಿರುವಾಗ ಅವರ ಪುಟ ಇಲ್ಲಿ ಮುಂದಿನವರ ಎದುರು ತೆರೆದಿರುತ್ತದೆ. ಹಾಗಾಗಿ ಅಂಗಡಿಯ ಎರಡೂ ಬ್ರೌಸರಿನಲ್ಲಿ ಸ್ಟಾರ್ಟಪ್ ಅಂದರೆ ಹೊಸ ಟ್ಯಾಬ್ ಮಾತ್ರ. ಫೈರ್‌ಫಾಕ್ಸ್ ಮುಚ್ಚುವಾಗ ಕುಕಿ ಅಳಿಸಬೇಕೆಂದು ಟಿಕ್ ಹಾಕಿದೆವು. ಕ್ರೋಮ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುವ ಆಯ್ಕೆ ಒಂದಿದೆ, ಸಿಸ್ಟಮ್ ಎಂಬಲ್ಲಿ. ಅದನ್ನೂ ಆಫ್ ಮಾಡಿದೆವು. ಇದರಿಂದ ನಷ್ಟವೂ ಉಂಟು: ಕರೆಂಟ್ ಹೋದರೆ ಅರ್ಧ ತುಂಬಿದ ಅರ್ಜಿಯೂ ಹೋಯಿತು. ಅದಕ್ಕೆ ಉತ್ತರ ಬ್ರೌಸರಿನಲ್ಲಿಲ್ಲ, ಯುಪಿಎಸ್‌ನಲ್ಲಿದೆ.

ಸ್ವಂತ ಲ್ಯಾಪ್‌ಟಾಪಿನಲ್ಲಿ ಎಲ್ಲ ಉಲ್ಟಾ. ಅಲ್ಲಿ ಪಾಸ್‌ವರ್ಡ್ ಸೇವ್ ಮಾಡಿಯೇ ಇಡಿ ಎನ್ನುತ್ತೇವೆ. ಎಲ್ಲ ಕಡೆಗೂ ಹುಟ್ಟಿದ ದಿನಾಂಕವನ್ನೇ ಪಾಸ್‌ವರ್ಡ್ ಮಾಡುವುದಕ್ಕಿಂತ ಬ್ರೌಸರ್ ಹುಟ್ಟಿಸಿಕೊಡುವ ಅರ್ಥವಿಲ್ಲದ ಉದ್ದ ಸಾಲು ಎಷ್ಟೋ ವಾಸಿ. ಇನ್ನೊಂದು ಲಾಭ, ಬ್ರೌಸರ್ ವಿಳಾಸ ನೋಡಿಯೇ ತುಂಬುವುದು. ಬ್ಯಾಂಕಿನ ಹಾಗೇ ಕಾಣುವ ನಕಲಿ ಪುಟಕ್ಕೆ ನಮ್ಮ ಕಣ್ಣು ಮೋಸಹೋದರೂ ಡೊಮೇನ್ ಬೇರೆ ಇರುವುದರಿಂದ ಬ್ರೌಸರ್ ಸುಮ್ಮನೆ ಕೂರುತ್ತದೆ. ಯಾವಾಗಲೂ ತುಂಬುವ ಪೆಟ್ಟಿಗೆ ಇವತ್ತು ಖಾಲಿ ಇದ್ದರೆ ಒಮ್ಮೆ ವಿಳಾಸ ಓದಿ. ಫೈರ್‌ಫಾಕ್ಸ್ ಆದರೆ ಪ್ರೈಮರಿ ಪಾಸ್‌ವರ್ಡ್ ಇಡಿ, ಕ್ರೋಮ್ ಆದರೆ ವಿಂಡೋಸ್ ಪಿನ್ ಕೇಳಿದ ಮೇಲೆಯೇ ತುಂಬುವ ಆಯ್ಕೆ ಆನ್ ಮಾಡಿ. ಹಾಸ್ಟೆಲ್‌ನಲ್ಲಿ ಇರುವವರಿಗೆ ಇದು ಜಾಸ್ತಿ ಬೇಕು, ಯಾಕೆಂದು ನಿಮಗೇ ಗೊತ್ತು. ಟ್ಯಾಬ್‌ಗಳನ್ನು ಹಿಂದಿನಂತೆ ತೆರೆ ಎಂಬುದನ್ನೂ ಧಾರಾಳ ಇಟ್ಟುಕೊಳ್ಳಿ. ನಾಲ್ಕು ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿಗೆ ಕ್ರೋಮ್‌ನ ಮೆಮೊರಿ ಸೇವರ್ ಒಳ್ಳೆಯದು, ನೋಡದ ಟ್ಯಾಬನ್ನು ಮಲಗಿಸುತ್ತದೆ.

ಕೊನೆಗೆ ನಮ್ಮ ಕಾಲೇಜು ಲ್ಯಾಬ್. ಅಲ್ಲಿ ಒಂದೇ ವಿಂಡೋಸ್ ಯೂಸರಿನಲ್ಲಿ ಎಷ್ಟೋ ಬ್ಯಾಚಿನವರು ಕೂರುತ್ತಾರೆ. ಜಿಮೇಲ್ ನೋಡಲು ಲಾಗಿನ್ ಆಗುವಾಗ ಕ್ರೋಮ್‌ಗೂ ಸೈನ್ ಇನ್ ಆಗಿ ಸಿಂಕ್‌ಗೆ ಎಸ್ ಎಂದರೆ, ನಿಮ್ಮ ಫೋನಿನಲ್ಲಿ ಸೇವ್ ಆದ ಅಷ್ಟೂ ಪಾಸ್‌ವರ್ಡ್ ಆ ಲ್ಯಾಬ್ ಕಂಪ್ಯೂಟರಿಗೆ ಇಳಿಯುತ್ತದೆ. ಮೇಲ್ ಒಂದೇ ನೋಡಬೇಕಾದರೆ ಗೆಸ್ಟ್ ಸಾಕು. ಈಗಾಗಲೇ ಎಸ್ ಎಂದಿದ್ದರೆ ಗೂಗಲ್ ಅಕೌಂಟಿನ ಸೆಕ್ಯೂರಿಟಿ ಭಾಗದಲ್ಲಿ 'ಯುವರ್ ಡಿವೈಸಸ್' ಪಟ್ಟಿ ನೋಡಿ, ಗುರುತಿಲ್ಲದ ಕಂಪ್ಯೂಟರಿನಿಂದ ಸೈನ್ ಔಟ್ ಮಾಡಿ. ಅದೇ ಲ್ಯಾಬಿಗೆ ಹೋಗಿ ಆ ಪ್ರೊಫೈಲನ್ನೂ ಅಳಿಸಿ.

ಅಂಗಡಿಯ ಪಟ್ಟಿಯಲ್ಲಿ ನಾವು ಶುರು ಮಾಡಿದಾಗ ಅರವತ್ತಮೂರು ಹೆಸರುಗಳಿದ್ದವು. ಕಳೆದ ಶನಿವಾರ ಹೋದಾಗ ಹದಿನೇಳು ಉಳಿದಿದ್ದವು. ಬೀಡಿ ಕಟ್ಟುವ ಅಕ್ಕ ಬಂದು ಬರೆಸಿಕೊಂಡು ಹೋದರಂತೆ, ರೇಶನ್ ಕಾರ್ಡಿನ ಕವರಿನ ಒಳಗೆ ಚೀಟಿ ಇಟ್ಟುಕೊಂಡು. ಉಳಿದ ಹದಿನೇಳರಲ್ಲಿ ಒಂದು ನಮ್ಮ ಸಂಘದ ಸೀನಿಯರ್ ಒಬ್ಬರದು. ಹೆಸರು ಹೇಳುವುದಿಲ್ಲ. ಈ ಲೇಖನ ಓದಿದ ಮೇಲೆ ಒಮ್ಮೆ ಮಡಂತ್ಯಾರಿಗೆ ಬಂದು ಹೋಗಬೇಕಾಗಿ ವಿನಂತಿ.